ಅಸ್ತ್ರವನ್ನು ಹಿಂದಕ್ಕೆ ಕರೆಯುವ ವಿದ್ಯೆ

ಅಯೋಧ್ಯೆಯ ಅರಮನೆಯಲ್ಲಿ ಮಕ್ಕಳ ಮದುವೆಯ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿಯೇ ವಿಶ್ವಾಮಿತ್ರನು ಬಾಗಿಲಿಗೆ ಬಂದನೆಂದು ವಾಲ್ಮೀಕಿ ಹೇಳುತ್ತಾನೆ. ದಶರಥನಿಗೆ ಹಿಡಿಸಲಾರದ ಸಂತೋಷ. ಬಂದ ಕಾರ್ಯವೇನು, ಏನು ಕೇಳಿದರೂ ನಡೆಸಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟನು. ಋಷಿಯು ಕೇಳಿದ್ದು ಗೋವನ್ನಲ್ಲ, ಭೂಮಿಯನ್ನಲ್ಲ. ಹತ್ತು ರಾತ್ರಿಗಳ ಮಟ್ಟಿಗೆ ರಾಮನನ್ನು. ಯಜ್ಞಕ್ಕೆ ರಾಕ್ಷಸರ ಕಾಟ, ಕಾಯುವುದಕ್ಕೆ ಹುಡುಗ ಬೇಕು. ಮುದುಕನಾದ ರಾಜನು ನಡುಗಿಹೋದನು. ಹುಡುಗನಿಗೆ ಇನ್ನೂ ಹದಿನಾರು ತುಂಬಿಲ್ಲ, ನಾನೇ ಒಂದು ಅಕ್ಷೌಹಿಣಿ ಸೈನ್ಯದೊಡನೆ ಬರುತ್ತೇನೆ, ಅವನನ್ನು ಮಾತ್ರ ಬಿಟ್ಟುಬಿಡಿ ಎಂದು ಅಂಗಲಾಚಿದನು. ಋಷಿಗೆ ಕೋಪ ಬಂತು. ಕೊನೆಗೆ ಕುಲಗುರು ವಸಿಷ್ಠನು ನಡುವೆ ಬಂದು, ಕಳುಹಿಸು, ಅದರಿಂದ ಒಳ್ಳೆಯದೇ ಆಗುತ್ತದೆ ಎಂದ ಮೇಲೆ ರಾಮನೂ ಅವನ ಬೆನ್ನಿಗೆ ಲಕ್ಷ್ಮಣನೂ ಹೊರಟರು.

ನಮ್ಮ ಸೀಮೆಯಲ್ಲಿ ವಿಶ್ವಾಮಿತ್ರ ಎಂದರೆ ಮೊದಲು ನೆನಪಿಗೆ ಬರುವುದು ಈ ಪ್ರಸಂಗವಲ್ಲ. ಹರಿಶ್ಚಂದ್ರನ ಸಾಲ. ರಾಘವಾಂಕನ ಕಾವ್ಯದಿಂದ ಹಿಡಿದು ಊರ ಮುಂದಿನ ನಾಟಕದವರೆಗೆ ಆ ಮುನಿಯು ಸತ್ಯವಂತನೊಬ್ಬನನ್ನು ಹೆಂಡತಿ ಮಕ್ಕಳೊಡನೆ ಬೀದಿಗಿಟ್ಟವನು. ಅವನ ಕಡೆಯ ವಸೂಲಿಗಾರ ನಕ್ಷತ್ರಿಕನ ಹೆಸರು ಕಾಡುವವರಿಗೆಲ್ಲ ಅಡ್ಡಹೆಸರಾಗಿ ನಮ್ಮ ಮಾತಿನಲ್ಲಿ ಉಳಿದಿದೆ. ಅಂಥವನ ಕೈಗೆ ಮೀಸೆ ಮೂಡದ ಮಗನನ್ನು ಒಪ್ಪಿಸಬೇಕಾಗಿ ಬಂದ ತಂದೆಯ ಸಂಕಟ ನಿಮಗೆ ಅರ್ಥವಾಗದೆ ಇರದು. ಆದರೂ ಹುಡುಗನೊಬ್ಬನು ರಾಜನಾಗುವುದಕ್ಕೆ ಕಲಿಯಬೇಕಾದ ಪಾಠವನ್ನು ಈ ಕಠಿಣ ಮನುಷ್ಯನಷ್ಟು ಚೆನ್ನಾಗಿ ಕಲಿಸಿದವರು ನಮ್ಮ ಪುರಾಣಗಳಲ್ಲಿ ಇನ್ನೊಬ್ಬರಿಲ್ಲವೆಂಬುದು ನನ್ನ ಎಣಿಕೆ. ಆ ಪಾಠ ಯಾವುದು, ಅದರ ಗುರುತು ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸುತ್ತಿನ ಇತಿಹಾಸದಲ್ಲಿ ಎಲ್ಲಿ ಸಿಕ್ಕುತ್ತದೆ ಎಂಬುದನ್ನು ನಿಮ್ಮೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ರಾಮನಿಗೆ ಅರಮನೆಯಲ್ಲಿ ವಿದ್ಯೆಯೇನೂ ಕಡಮೆಯಾಗಿರಲಿಲ್ಲ. ವೇದವಾಗಿತ್ತು, ಬಿಲ್ವಿದ್ಯೆಯಾಗಿತ್ತು, ಆನೆ ಕುದುರೆಗಳ ಸವಾರಿಯಾಗಿತ್ತು. ವಸಿಷ್ಠನಂಥ ಗುರು ಮನೆಯಲ್ಲಿಯೇ ಇದ್ದನು. ಇಲ್ಲದೆ ಇದ್ದದ್ದು ನಡಿಗೆ. ವಿಶ್ವಾಮಿತ್ರನು ರಥವನ್ನು ಕೇಳಲಿಲ್ಲ. ಸರಯೂ ನದಿಯ ದಡವನ್ನು ಹಿಡಿದು ಮೂವರೂ ಕಾಲ್ನಡಿಗೆಯಲ್ಲಿ ಸಾಗಿದರು. ಒಂದೂವರೆ ಯೋಜನದ ದೂರ ನಡೆದ ಮೇಲೆ ಋಷಿಯು ಬಲಾ ಅತಿಬಲಾ ಎಂಬ ಎರಡು ವಿದ್ಯೆಗಳನ್ನು ಉಪದೇಶಿಸಿದನು. ಹಸಿವು ನೀರಡಿಕೆ ಆಯಾಸಗಳು ಬಾಧಿಸದಿರಲೆಂದು. ಆ ರಾತ್ರಿ ಚಕ್ರವರ್ತಿಯ ಮಕ್ಕಳು ಹುಲ್ಲಿನ ಹಾಸಿಗೆಯ ಮೇಲೆ ಮಲಗಿದರು.

ಮರುದಿನದಿಂದ ಪಾಠ ನಡೆಯುವ ಕ್ರಮವನ್ನು ಗಮನಿಸಿ. ಗುರುವು ತಾನಾಗಿ ಉಪನ್ಯಾಸಕ್ಕೆ ತೊಡಗುವುದಿಲ್ಲ. ಹುಡುಗರು ಕೇಳುತ್ತಾರೆ, ಅವನು ಹೇಳುತ್ತಾನೆ. ದೋಣಿಯಲ್ಲಿ ಗಂಗೆಯನ್ನು ದಾಟುವಾಗ ನಡುಹೊಳೆಯಲ್ಲಿ ಭೋರ್ಗರೆತ ಕೇಳಿಸುತ್ತದೆ. ಇದೇನು ಸದ್ದು ಎಂದು ರಾಮನ ಪ್ರಶ್ನೆ. ಸರಯೂ ಬಂದು ಗಂಗೆಯನ್ನು ಕೂಡುವ ಸದ್ದು, ಕೈಮುಗಿ ಎಂದು ಉತ್ತರ. ತುಂಗೆ ಭದ್ರೆಗಳು ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯ ಮುಂದೆ ಹರಿದುಹೋಗುವುದನ್ನು ಕಂಡವರಿಗೆ ಈ ಪ್ರಶ್ನೋತ್ತರವನ್ನು ವಿವರಿಸಬೇಕಾಗಿಲ್ಲ. ಆಚೆಯ ದಡದಲ್ಲಿ ಮನುಷ್ಯಸಂಚಾರವಿಲ್ಲದ ಘೋರವಾದ ಕಾಡು. ಇದು ಯಾರ ಕಾಡು ಎಂದು ಮತ್ತೆ ಪ್ರಶ್ನೆ. ಇದು ಕಾಡಲ್ಲ, ಮಲದ, ಕರೂಷ ಎಂದು ಎರಡು ತುಂಬಿದ ನಾಡುಗಳಾಗಿದ್ದವು, ತಾಟಕೆಯ ಹಾವಳಿಯಿಂದ ಜನ ಬಿಟ್ಟುಹೋದರು, ಹೀಗಾಯಿತು ಎನ್ನುತ್ತಾನೆ ಋಷಿ. ರಾಜ್ಯವೆಂದರೇನು ಎಂಬ ಉಪದೇಶಕ್ಕಿಂತ ಮುಂಚೆ ರಾಜ್ಯವೊಂದು ಹಾಳಾದರೆ ಹೇಗಿರುತ್ತದೆಂಬುದನ್ನು ಹುಡುಗನು ಕಣ್ಣಾರೆ ಕಂಡನು.

ಹೆಂಗಸನ್ನು ಕೊಲ್ಲುವುದಕ್ಕೆ ಅವನು ಹಿಂಜರಿದದ್ದೂ, ಪ್ರಜೆಗಳ ರಕ್ಷಣೆಯ ಮಾತೆತ್ತಿ ಋಷಿಯು ಅವನನ್ನು ಒಪ್ಪಿಸಿದ್ದೂ ನಿಮಗೆ ತಿಳಿದದ್ದೇ. ಈ ವಾದ ಎಲ್ಲರಿಗೂ ಒಪ್ಪಿಗೆಯಾಗಬೇಕೆಂದೇನೂ ಇಲ್ಲ. ರಾಮನಿಗೇ ಅದು ಸುಲಭವಾಗಿ ಗಂಟಲಿನಲ್ಲಿ ಇಳಿದಂತೆ ತೋರುವುದಿಲ್ಲ. ಇವರು ಹೇಳಿದಂತೆ ಮಾಡೆಂದು ಹೊರಡುವಾಗ ತಂದೆ ಹೇಳಿದ್ದಾರೆ, ಆದ್ದರಿಂದ ಮಾಡುತ್ತೇನೆ ಎಂಬುದು ಅವನ ಮಾತು. ಇರಲಿ. ನಾನು ಹೇಳಬೇಕೆಂದಿರುವ ಸಂಗತಿ ಅದರ ಮರುದಿನ ಬೆಳಗ್ಗೆ ನಡೆಯಿತು.

ತಾಟಕೆ ಬಿದ್ದ ಮರುದಿನ ವಿಶ್ವಾಮಿತ್ರನು ತನ್ನಲ್ಲಿದ್ದ ದಿವ್ಯಾಸ್ತ್ರಗಳನ್ನೆಲ್ಲ ರಾಮನಿಗೆ ಧಾರೆಯೆರೆದನು. ವಾಲ್ಮೀಕಿಯಲ್ಲಿ ಅದೊಂದು ಉದ್ದನೆಯ ಪಟ್ಟಿ: ಚಕ್ರಗಳು, ಪಾಶಗಳು, ಗದೆಗಳು, ಬೆಂಕಿಯ ಅಸ್ತ್ರ, ಗಾಳಿಯ ಅಸ್ತ್ರ. ಹದಿನೈದು ವರ್ಷದ ಹುಡುಗನ ಕೈಗೆ ಲೋಕವನ್ನು ಸುಡುವ ಸಾಮಗ್ರಿ ಬಂದುಬಿಟ್ಟಿತು. ಆಗ ಅವನು ಮಾಡಿದ್ದೇನು? ದಾರಿ ನಡೆಯುತ್ತಲೇ ಗುರುವನ್ನು ಕೇಳಿದನು: ಅಸ್ತ್ರಗಳು ದೊರೆತವು, ಇನ್ನು ಅವುಗಳ ಸಂಹಾರವನ್ನು ತಿಳಿಯಬೇಕು. ಸಂಹಾರವೆಂದರೆ ಇಲ್ಲಿ ಶತ್ರುವನ್ನು ಕೊಲ್ಲುವುದಲ್ಲ; ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಕರೆದುಕೊಳ್ಳುವ ವಿಧಾನ. ಗುರುವು ಅದನ್ನೂ ಉಪದೇಶಿಸಿದನು. ಬಾಲಕಾಂಡವನ್ನು ಓದುವವರು ಹೆಸರುಗಳ ಪಟ್ಟಿ ಬಂತೆಂದು ಈ ಎಡೆಯನ್ನು ಹಾರಿಸಿಬಿಡುವುದುಂಟು. ಆದರೆ ಆ ಪ್ರಯಾಣದಲ್ಲಿ ಹುಡುಗರು ಕೇಳಿದ ಪ್ರಶ್ನೆಗಳಲ್ಲೆಲ್ಲ ದೊಡ್ಡದು ಇದೇ ಎಂದು ನಾನು ತಿಳಿದಿದ್ದೇನೆ. ಅದನ್ನು ಗುರುವು ಹೇಳಿಸಲಿಲ್ಲ, ಶಿಷ್ಯನೇ ಕೇಳಿದನು.

ಕೊಟ್ಟವನಾದರೂ ಯಾರು? ವಿಶ್ವಾಮಿತ್ರನು ಹುಟ್ಟುಋಷಿಯಲ್ಲ, ಹುಟ್ಟುರಾಜ. ವಸಿಷ್ಠನ ಆಶ್ರಮದಲ್ಲಿ ಊಟಮಾಡಿ, ಉಂಡ ಮನೆಯ ಹಸುವನ್ನೇ ಸೈನ್ಯಬಲದಿಂದ ಎಳೆದೊಯ್ಯಲು ಹೋಗಿ ಸೋತವನು. ಸೈನ್ಯವನ್ನೂ ಒಬ್ಬನನ್ನುಳಿದು ಮಕ್ಕಳೆಲ್ಲರನ್ನೂ ಕಳೆದುಕೊಂಡವನು. ಆಮೇಲೆ ಶಿವನನ್ನು ಮೆಚ್ಚಿಸಿ ಅಸ್ತ್ರಗಳನ್ನು ಪಡೆದು ಅದೇ ಆಶ್ರಮದ ಮೇಲೆ ಮತ್ತೆ ಬಿದ್ದನು. ಹಕ್ಕಿ ಹುಲ್ಲೆಗಳು ದಿಕ್ಕುಗೆಟ್ಟು ಓಡಿದವು. ವಸಿಷ್ಠನು ತನ್ನ ದಂಡವೊಂದನ್ನು ಎದುರಿಗೆ ಹಿಡಿದು ಅಷ್ಟನ್ನೂ ನುಂಗಿಸಿಬಿಟ್ಟನು. ಆಗ ಪ್ರಯೋಗವಾದ ಅಸ್ತ್ರಗಳ ಹೆಸರುಗಳನ್ನೂ ರಾಮನಿಗೆ ಸಿಕ್ಕಿದವುಗಳ ಹೆಸರುಗಳನ್ನೂ ಹೋಲಿಸಿ ನೋಡಿದರೆ ಅನೇಕವು ಒಂದೇ. ಅವು ಏನು ಮಾಡಬಲ್ಲವು, ಎಲ್ಲಿ ನಿಷ್ಫಲವಾಗುತ್ತವೆ ಎಂಬುದನ್ನು ಮೈಮೇಲೆ ಅನುಭವಿಸಿದವನು ಅವನ್ನು ಕೊಟ್ಟನು. ಈ ಹಳೆಯ ಸೋಲಿನ ಕಥೆ ರಾಮನಿಗೆ ತಿಳಿದದ್ದು ಮಿಥಿಲೆಯಲ್ಲಿ. ಅಹಲ್ಯೆಯ ಮಗ ಶತಾನಂದನು ವಿಶ್ವಾಮಿತ್ರನ ಎದುರಿಗೇ ಅವನ ತಪ್ಪು ನೆಪ್ಪುಗಳನ್ನೆಲ್ಲ ಬಿಡಿಸಿ ಹೇಳುತ್ತಾನೆ, ಗುರುವು ಸುಮ್ಮನೆ ಕುಳಿತು ಕೇಳುತ್ತಾನೆ. ಶಿಷ್ಯನ ಮುಂದೆ ತನ್ನ ಕಥೆಯನ್ನು ಹೀಗೆ ಬಿಚ್ಚಿಡಲು ಬಿಡುವ ಗುರು ಎಷ್ಟು ಜನ ಸಿಕ್ಕಿಯಾರು? ಮದುವೆ ಮುಗಿದ ಮರುದಿನವೇ ಅವನು ಹಿಮವಂತನ ಕಡೆಗೆ ಹೊರಟುಹೋದನು. ಪಟ್ಟದ ಸನ್ನಾಹದಲ್ಲಿ ಅವನಿಲ್ಲ, ಕೈಕೇಯಿಯ ವರದ ಗದ್ದಲದಲ್ಲಿಯೂ ಇಲ್ಲ.

ಇದಕ್ಕೆ ಎದುರಾಗಿ ಭಾರತದ ದ್ರೋಣನನ್ನು ಇಟ್ಟು ನೋಡಿ. ವಿದ್ಯೆಯಲ್ಲಿ ಯಾರಿಗೆ ಕಡಮೆ? ಆದರೆ ಅರಮನೆಯ ಅನ್ನದಲ್ಲಿ ಇದ್ದವನು. ದ್ರುಪದನ ಮೇಲಿನ ಹಗೆಯನ್ನು ಗುರುದಕ್ಷಿಣೆಯಾಗಿ ಶಿಷ್ಯರಿಂದ ತೀರಿಸಿಕೊಂಡವನು. ಬ್ರಹ್ಮಶಿರವೆಂಬ ಅಸ್ತ್ರವನ್ನು ಅರ್ಜುನನಿಗೆ ಕಲಿಸಿದ್ದನ್ನು ಕಂಡು ಮಗ ಅಶ್ವತ್ಥಾಮನು ನನಗೂ ಬೇಕೆಂದು ಹಟಹಿಡಿದನು. ತಂದೆಗೆ ಮಗನ ಗುಣ ಗೊತ್ತಿತ್ತು. ಎಂಥ ಕಷ್ಟದಲ್ಲಿಯೂ ಮನುಷ್ಯರ ಮೇಲೆ ಬಿಡಬೇಡವೆಂದು ಎಚ್ಚರಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟನು. ಯುದ್ಧವೆಲ್ಲ ಮುಗಿದ ಮೇಲೆ, ಮಲಗಿದ್ದವರನ್ನು ಕೊಂದು ಸಿಕ್ಕಿಬಿದ್ದ ಮಗನು ಅದನ್ನು ಪ್ರಯೋಗಿಸಿಯೇಬಿಟ್ಟನು. ಅರ್ಜುನನೂ ಬಿಟ್ಟನು. ಲೋಕ ಉರಿಯುವ ಹೊತ್ತಿನಲ್ಲಿ ನಾರದನೂ ವ್ಯಾಸನೂ ಅಡ್ಡ ಬಂದು, ಹಿಂದಕ್ಕೆ ಕರೆದುಕೊಳ್ಳಿ ಎಂದರು. ಅರ್ಜುನನು ಕರೆದುಕೊಂಡನು. ಅಶ್ವತ್ಥಾಮನಿಗೆ ಆಗಲಿಲ್ಲ. ವ್ರತನಿಷ್ಠೆಯಿಲ್ಲದವನಿಗೆ ಆ ಅಸ್ತ್ರ ಹಿಂದಿರುಗಿ ಬರುವುದಿಲ್ಲವಂತೆ. ಅದು ಉತ್ತರೆಯ ಬಸಿರಿನ ಕೂಸಿನ ಮೇಲೆ ಬಿತ್ತು. ಒಬ್ಬನೇ ಗುರು, ಒಂದೇ ವಿದ್ಯೆ, ಇಬ್ಬರು ಶಿಷ್ಯರು.

ಇನ್ನು ನಮ್ಮ ನೆಲಕ್ಕೆ ಬರೋಣ. ಮೊದಲು ಹೊನ್ನಾಳಿಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯ ಕಡೆ, ಬೆಳಗುತ್ತಿಯ ಹತ್ತಿರದ ಕಾಡುಗುಡ್ಡದಲ್ಲಿ ತೀರ್ಥರಾಮೇಶ್ವರ ಎಂಬ ಕ್ಷೇತ್ರವಿದೆ. ಅಲ್ಲಿಯ ತೀರ್ಥದ ನೀರು ರಾಮನು ವನವಾಸದಲ್ಲಿ ಬಾಣ ಬಿಟ್ಟು ಬರಿಸಿದ್ದೆಂದು ಜನರ ನಂಬಿಕೆ. ನಮ್ಮ ನಾಡಿನಲ್ಲಿ ರಾಮನ ಬಾಣದಿಂದ ಚಿಮ್ಮಿದ ಬುಗ್ಗೆಗಳಿಗೆ ಲೆಕ್ಕವಿಲ್ಲ. ಇತಿಹಾಸವೆಂದು ಅವನ್ನು ಯಾರೂ ಒಪ್ಪಿಸಬೇಕಾಗಿಲ್ಲ. ಆದರೆ ಜನ ರಾಮನ ಕೈಯಲ್ಲಿ ಏನನ್ನು ಮಾಡಿಸಿದ್ದಾರೆ ನೋಡಿ. ವಿಶ್ವಾಮಿತ್ರನ ಶಿಷ್ಯನು ನಮ್ಮ ಗುಡ್ಡಕ್ಕೆ ಬಂದಾಗ ಅವನ ಬಾಣ ಯಾರನ್ನೂ ಕೊಲ್ಲಲಿಲ್ಲ, ನೀರು ಕೊಟ್ಟಿತು.

ಕಲ್ಲಿನ ಮೇಲೆ ಬರೆದ ಸಾಕ್ಷಿಯೂ ದೂರವಿಲ್ಲ. ಶಿವಮೊಗ್ಗ ತಾಲ್ಲೂಕಿನ ಕಲ್ಲೂರುಗುಡ್ಡದಲ್ಲಿ 1121ರ ಒಂದು ದೊಡ್ಡ ಶಾಸನವಿದೆ. ಗಂಗರ ರಾಜ್ಯ ಹುಟ್ಟಿದ ಬಗೆಯನ್ನು ಅದು ಕಥೆಯಾಗಿ ಹೇಳುತ್ತದೆ. ದಡಿಗ, ಮಾಧವ ಎಂಬಿಬ್ಬರು ರಾಜಕುಮಾರರು ತಮ್ಮ ನೆಲೆಯನ್ನು ಕಳೆದುಕೊಂಡು ದಕ್ಷಿಣಕ್ಕೆ ಬಂದರು. ಪೇರೂರಿನಲ್ಲಿ ಸಿಂಹನಂದಿ ಎಂಬ ಜೈನಮುನಿಯನ್ನು ಕಂಡರು. ಮುನಿಯು ಅವರಿಗೆ ವಿದ್ಯೆ ಹೇಳಿದನು. ಮಾಧವನು ಕತ್ತಿಯಿಂದ ಕಲ್ಲಿನ ಕಂಬವನ್ನು ಹೊಡೆದು ಕಡಿದಾಗ ಕರ್ಣಿಕಾರದ ಹೂವಿನ ಎಸಳುಗಳಿಂದ ಪಟ್ಟ ಕಟ್ಟಿ, ತನ್ನ ನವಿಲುಗರಿಯ ಪಿಂಛವನ್ನೇ ಧ್ವಜವಾಗಿ ಕೊಟ್ಟು ಹರಸಿದನು. ಇಲ್ಲಿಯವರೆಗೆ ಇದು ಯಾವ ರಾಜವಂಶವಾದರೂ ಹೇಳಿಕೊಳ್ಳುವ ಕಥೆ. ಮುಂದಿನದು ಹಾಗಲ್ಲ. ರಾಜ್ಯವನ್ನು ಕೊಟ್ಟ ಬಾಯಿಂದಲೇ ಮುನಿಯು ಕಟ್ಟುಗಳನ್ನು ಹಾಕುತ್ತಾನೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಲ್ಲೆನೆಂದರೆ, ಪರಸ್ತ್ರೀಯರನ್ನು ಹಿಡಿದರೆ, ಮದ್ಯ ಮಾಂಸಗಳಿಗೆ ಬಿದ್ದರೆ, ಬೇಡಿದವರಿಗೆ ಕೊಡದಿದ್ದರೆ, ರಣದಿಂದ ಓಡಿದರೆ ನಿಮ್ಮ ಕುಲ ಕೆಡುತ್ತದೆ ಎಂಬುದು ಅದರ ಅಭಿಪ್ರಾಯ.

ಗಂಗರ ಆರಂಭ ನಾಲ್ಕನೆಯ ಶತಮಾನದ್ದು. ಶಾಸನಕ್ಕೂ ಅದು ಹೇಳುವ ಘಟನೆಗೂ ಏಳೂವರೆ ಶತಮಾನಗಳ ಅಂತರ. ಕಂಬ ಮುರಿದದ್ದನ್ನು ಅಕ್ಷರಶಃ ನಂಬಬೇಕೆಂದು ಯಾವ ಇತಿಹಾಸಕಾರನೂ ಹೇಳಲಾರ. ಆದರೆ 1121ರಲ್ಲಿ ಈ ಸೀಮೆಯ ಜನಕ್ಕೆ ರಾಜ್ಯದ ಮೊದಲ ದಿನವನ್ನು ನೆನೆಯುವಾಗ ಕತ್ತಿಯ ಜೊತೆಗೆ ಕತ್ತಿಯ ಕಟ್ಟುಪಾಡುಗಳೂ ನೆನಪಾಗಬೇಕಾಗಿತ್ತು. ಅದು ಮಾತ್ರ ಸಂದೇಹವಿಲ್ಲದ ಇತಿಹಾಸ. ವಿಜಯನಗರದ ವಿದ್ಯಾರಣ್ಯರ ವಿಷಯದಲ್ಲಿ ವಿದ್ವಾಂಸರ ವಾದ ವಿವಾದಗಳು ಇನ್ನೂ ತೀರಿಲ್ಲವಾಗಿ ಅವರನ್ನು ಇಲ್ಲಿ ಎಳೆದು ತರುವುದಿಲ್ಲ.

ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಚಿತ್ರದುರ್ಗಕ್ಕೆ ಸೇರಿದ್ದ ತಾಲ್ಲೂಕು. ಆ ಕಡೆಯ ಮಾತು, ಆಟ, ಹಾಡುಗಳಲ್ಲಿ ದುರ್ಗದ ನಾಯಕರ ನೆನಪು ದಟ್ಟವಾಗಿದೆ. 1689ರಿಂದ 1721ರವರೆಗೆ ಆಳಿದ ಬಿಚ್ಚುಗತ್ತಿ ಭರಮಣ್ಣ ನಾಯಕನಿಗೂ ಮುರಿಗೆಯ ಶಾಂತವೀರ ಸ್ವಾಮಿಗಳಿಗೂ ಇದ್ದ ಸಂಬಂಧವನ್ನು ನೀವು ಕೇಳಿರಬಹುದು. ಪಟ್ಟದ ಆಸೆಯೇ ಇಲ್ಲದ ಕಾಲದಲ್ಲಿ ಸ್ವಾಮಿಗಳು ಅವನಿಗೆ ರಾಜಯೋಗವನ್ನು ನುಡಿದರು, ದೊರೆಯಾದ ಮೇಲೆ ಅವನು ಅವರಿಗೆ ಮಠವನ್ನು ಕಟ್ಟಿಸಿಕೊಟ್ಟನು ಎಂಬುದು ಜನಜನಿತವಾದ ಕಥೆ. ಅವನ ಹೆಸರಿನಲ್ಲಿಯೇ ಬಿಚ್ಚಿದ ಕತ್ತಿಯಿದೆ. ಆದರೂ ಜನ ಅವನನ್ನು ಹೆಚ್ಚಾಗಿ ನೆನೆಯುವುದು ಕಟ್ಟಿಸಿದ ಕೆರೆ, ಗುಡಿ, ಕೋಟೆಗಳಿಗಾಗಿ. ಇಲ್ಲಿ ಗುರುವು ಹುಡುಗನನ್ನು ಕಾಡಿಗೆ ಕರೆದೊಯ್ಯಲಿಲ್ಲ; ದೊರೆಯೇ ಗುರುವನ್ನು ಊರಿಗೆ ಕರೆತಂದನು. ಅಷ್ಟು ವ್ಯತ್ಯಾಸ.

ಈಗ ಚನ್ನಗಿರಿ. ಊರಿನ ಬೆಟ್ಟದ ಮೇಲಿನ ಕೋಟೆಯನ್ನೂ ಅದರೊಳಗಿನ ರಂಗನಾಥನ ಗುಡಿಯನ್ನೂ ನೋಡಿದವರಿಗೆ ಈ ಹೆಸರಿನ ಮೂಲ ಗೊತ್ತು. ಹಿಂದೆ ಹುಲಿಕೆರೆಯೆಂದಿದ್ದ ಊರನ್ನು ಕೆಳದಿಯ ರಾಣಿ ಚೆನ್ನಮ್ಮಾಜಿಯು ಭದ್ರಪಡಿಸಿ ತನ್ನ ಹೆಸರನ್ನಿಟ್ಟಳೆಂದು ಹೇಳುತ್ತಾರೆ. ಈಕೆ ಕೋಟಿಪುರದ ಸಿದ್ದಪ್ಪ ಶೆಟ್ಟರ ಮಗಳು. ಒಂದನೆಯ ಸೋಮಶೇಖರ ನಾಯಕನ ಕೈಹಿಡಿದು ಅರಮನೆಗೆ ಬಂದವಳು. ಗಂಡನು ದಾರಿತಪ್ಪಿ, ಮಕ್ಕಳಿಲ್ಲದೆ, ಕೊನೆಗೆ ಕೊಲೆಯಾಗಿ ಹೋದನು. ಬಿಜಾಪುರದ ಸೈನ್ಯ ಬಾಗಿಲಿಗೆ ಬಂದಿತ್ತು. ಆಕೆ ಬಿದನೂರನ್ನು ಬಿಟ್ಟು ಭುವನಗಿರಿ ದುರ್ಗಕ್ಕೆ ಸರಿದು, ಅಲ್ಲಿಂದ ಜನವನ್ನು ಕೂಡಿಸಿ ರಾಜ್ಯವನ್ನು ತಿರುಗಿ ಪಡೆದಳು. 1672ರಿಂದ 1697ರವರೆಗೆ ಇಪ್ಪತ್ತೈದು ವರ್ಷ ಆಳಿದಳು. ಈ ನಡುವೆ ಬಿದನೂರಿನ ಮಾರ್ಕಪ್ಪ ಶೆಟ್ಟರ ಮಗ ಬಸಪ್ಪನನ್ನು ದತ್ತು ತೆಗೆದುಕೊಂಡು ಮುಂದಿನ ದೊರೆಯನ್ನಾಗಿ ಬೆಳೆಸಿದಳು.

ಈ ಹುಡುಗನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಹುಟ್ಟಿನಿಂದ ಅವನು ಅರಮನೆಯವನಲ್ಲ. ಸಾಕಿದವಳೂ ಹುಟ್ಟಿನಿಂದ ಅರಮನೆಯವಳಲ್ಲ. ಇಬ್ಬರಿಗೂ ರಾಜ್ಯವೆಂಬುದು ಕಲಿತು ಪಡೆಯಬೇಕಾದ ವಿದ್ಯೆ. ವಿಶ್ವಾಮಿತ್ರನು ರಾಜ್ಯವನ್ನು ಬಿಟ್ಟು ಋಷಿಯಾಗಿ ಗುರುವಾದನು; ಚೆನ್ನಮ್ಮಾಜಿಯು ಕೈಯಿಂದ ಜಾರಿಹೋಗುತ್ತಿದ್ದ ರಾಜ್ಯವನ್ನು ಹಿಡಿದೆತ್ತಿ ಗುರುವಾದಳು. ಸೋಲು ಹೇಗಿರುತ್ತದೆಂಬುದನ್ನು ಇಬ್ಬರೂ ಬಲ್ಲರು.

ಹುಡುಗನ ಕಣ್ಣೆದುರಿಗೆ ನಡೆದ ದೊಡ್ಡ ಪಾಠ 1689ರದು. ಆ ವರ್ಷ ಔರಂಗಜೇಬನು ಶಿವಾಜಿಯ ಮಗ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದನು. ತಮ್ಮ ರಾಜಾರಾಮನು ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಓಡುತ್ತ ಕೆಳದಿಯ ಸೀಮೆಗೆ ಬಂದನು. ಹಿಂದೆ ಮೊಗಲರ ದಂಡು. ಆಶ್ರಯ ಕೊಟ್ಟರೆ ಉರಿಯನ್ನು ಮಡಿಲಿಗೆ ಹಾಕಿಕೊಂಡಂತೆ. ಚೆನ್ನಮ್ಮಾಜಿಯು ಕೊಟ್ಟಳು, ಸುರಕ್ಷಿತವಾಗಿ ದಾಟಿಸಿಯೂ ಬಿಟ್ಟಳು. ದಂಡು ಬಂತು, ಕಾಳಗವಾಯಿತು, ಒಪ್ಪಂದವಾಯಿತು. ಕೆಳದಿಯ ಕಡೆಯ ಕಾವ್ಯ, ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’, ಇದನ್ನು ರಾಣಿಯ ಗೆಲುವಾಗಿ ಹೇಳುತ್ತದೆ. ಮೊಗಲರ ಕಡೆಯ ಬರಹ ಆಕೆ ಕಾಣಿಕೆ ತೆತ್ತು ಪಾರಾದಳೆನ್ನುತ್ತದೆ. ಎರಡು ಕಡೆಯವರೂ ತಮ್ಮ ತಮ್ಮ ಮಾನವನ್ನು ಕಾಯ್ದುಕೊಂಡು ಬರೆದಿದ್ದಾರೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಮರೆಹೊಕ್ಕವನನ್ನು ಬಿಟ್ಟುಕೊಡಲಿಲ್ಲ, ಕಾರ್ಯ ಮುಗಿದ ಮೇಲೆ ದಿಲ್ಲಿಯ ಬಾದಶಹನೊಡನೆ ಹಟಕ್ಕೆ ಬಿದ್ದು ನಾಡನ್ನು ಸುಡಿಸಲೂ ಇಲ್ಲ. ಅಸ್ತ್ರವನ್ನು ಬಿಡುವುದು, ಹೊತ್ತರಿತು ಹಿಂದಕ್ಕೆ ಕರೆಯುವುದು ಎಂದರೆ ಇದೇ ಅಲ್ಲವೆ?

ಬಸಪ್ಪ ನಾಯಕನು 1697ರಲ್ಲಿ ಪಟ್ಟಕ್ಕೆ ಬಂದು 1714ರವರೆಗೆ ಆಳಿದನು. ತನ್ನ ಸರದಿ ಬಂದಾಗ ಅವನು ಮಾಡಿದ ಕೆಲಸ ವಿಚಿತ್ರವಾದದ್ದು. 1709ರಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ಗ್ರಂಥವನ್ನು ಮುಗಿಸಿದನು. ಒಂಬತ್ತು ಕಲ್ಲೋಲಗಳು, ನೂರೆಂಟು ತರಂಗಗಳು. ಹೆಸರಿಗೆ ತಕ್ಕಂತೆ ಸಮುದ್ರವೇ. ಆಸ್ಥಾನದ ಪಂಡಿತರ ನೆರವು ಎಷ್ಟಿತ್ತೋ, ದೊರೆಗಳ ಹೆಸರಿನ ಗ್ರಂಥಗಳಲ್ಲಿ ಆ ಪ್ರಶ್ನೆ ಯಾವಾಗಲೂ ಏಳುತ್ತದೆ. ಅದರ ರಚನೆ ಮಾತ್ರ ಗಮನಾರ್ಹ. ರಾಜಕುಮಾರ ಸೋಮಶೇಖರನು ಪ್ರಶ್ನೆ ಕೇಳುತ್ತಾನೆ, ತಂದೆ ಬಸವರಾಜನು ಉತ್ತರ ಹೇಳುತ್ತಾನೆ. ಶರಶಯ್ಯೆಯ ಭೀಷ್ಮನು ಧರ್ಮರಾಯನಿಗೆ ಹೇಳಿದ ಹಾಗೆ, ವಸಿಷ್ಠನು ರಾಮನಿಗೆ ಹೇಳಿದ ಹಾಗೆ.

ಏನೆಲ್ಲ ಇದೆ ಅದರಲ್ಲಿ! ಸೃಷ್ಟಿಯ ವಿಚಾರ, ದ್ವೀಪ ಸಮುದ್ರಗಳ ವರ್ಣನೆ, ಕೆಳದಿಯ ಅರಸರ ಚರಿತ್ರೆ, ರಾಜನೀತಿ, ಊರು ಕಟ್ಟುವ ರೀತಿ, ವೀಣೆ, ನಾಟ್ಯ, ಆನೆ ಕುದುರೆಗಳ ಲಕ್ಷಣ, ರತ್ನಪರೀಕ್ಷೆ, ವೈದ್ಯ, ಕಡೆಗೆ ಅಡುಗೆಮನೆಯ ಒಲೆ ಪಾತ್ರೆಗಳು, ಪಾಕಗಳು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ಮಾಡಿ ಹಾಕಿಕೊಟ್ಟ ಮೇಲ್ಪಂಕ್ತಿ ಇದು. ದತ್ತುಮಗನಾಗಿ ಅರಮನೆಗೆ ಬಂದ ಒಬ್ಬನು, ತನಗೆ ಯಾರೂ ಒಂದೇ ಕಡೆ ಹೇಳಿಕೊಡದೆ ಇದ್ದದ್ದನ್ನೆಲ್ಲ ಮಗನಿಗೆ ಒಂದೇ ಕಡೆ ಕಟ್ಟಿಟ್ಟು ಹೋಗಬೇಕೆಂದು ಹಾತೊರೆದಂತೆ ಆ ಪುಟಗಳನ್ನು ತಿರುವುವಾಗ ನನಗನಿಸುತ್ತದೆ.

ಆದರೆ ಒಂದು ಮಾತು ಹೇಳಲೇಬೇಕು. ರಾಮಾಯಣದಲ್ಲಿ ತಂದೆ ಹಿಂದೆ ಉಳಿದು, ಹೊರಗಿನವನೊಬ್ಬನು ಮಗನನ್ನು ಕರೆದೊಯ್ದನು. ಇಲ್ಲಿ ದಶರಥನೇ ವಿಶ್ವಾಮಿತ್ರನ ಪೀಠದಲ್ಲಿ ಕುಳಿತಿದ್ದಾನೆ. ಪುಸ್ತಕದ ಸೋಮಶೇಖರನು ಎಷ್ಟು ಪ್ರಶ್ನೆ ಕೇಳಿದರೂ ಅವು ತಂದೆಯ ಲೇಖನಿಯಿಂದಲೇ ಹುಟ್ಟಿದ ಪ್ರಶ್ನೆಗಳು. ಉತ್ತರ ಸಿದ್ಧವಾದ ಮೇಲೆ ಕೇಳಿಸಿದವು. ಇದು ಯಾರ ಕಾಡು, ಇದೇನು ಸದ್ದು ಎಂದು ದಾರಿಯಲ್ಲಿ ತಟ್ಟನೆ ಹುಟ್ಟುವ ಪ್ರಶ್ನೆ ಗ್ರಂಥದಲ್ಲಿ ಹುಟ್ಟುವುದು ಕಷ್ಟ. ಚೆನ್ನಮ್ಮಾಜಿಯು ಬಸಪ್ಪನಿಗಾಗಿ ಪುಸ್ತಕ ಬರೆಯಲಿಲ್ಲ. ಅವನು ಅವಳನ್ನು ನೋಡುತ್ತ ಬೆಳೆದನು. ಯಾವುದು ಹೆಚ್ಚು ಎಂದು ನೀವು ಕೇಳಿದರೆ, ಗ್ರಂಥವನ್ನು ಇಷ್ಟು ಗೌರವಿಸುವ ನಾನೂ ರಾಣಿಯ ಕಡೆಗೇ ನಿಲ್ಲುತ್ತೇನೆ.

ಎರಡನೆಯ ಸೋಮಶೇಖರ ನಾಯಕನು 1714ರಿಂದ 1739ರವರೆಗೆ ಆಳಿದನು. ಅವನ ಕಾಲದಲ್ಲಿ ರಾಜ್ಯ ಕುಂದಲಿಲ್ಲ. ಅವನ ನಂತರ ಎರಡನೆಯ ಬಸಪ್ಪ ನಾಯಕನು 1754ರವರೆಗೆ. ಆಮೇಲೆ ಪಟ್ಟಕ್ಕೆ ಬಂದದ್ದು ಮತ್ತೊಬ್ಬ ದತ್ತುಹುಡುಗ, ಚೆನ್ನಬಸಪ್ಪ. ಅರಮನೆಯಲ್ಲಿ ಮತ್ತೊಬ್ಬ ರಾಣಿ, ವೀರಮ್ಮಾಜಿ. ಹೆಸರುಗಳು ಹಳೆಯವು, ಸನ್ನಿವೇಶವೂ ಹಳೆಯದೇ, ಆದರೆ ಕಥೆ ಬೇರೆಯಾಯಿತು. 1757ರ ಹೊತ್ತಿಗೆ ಹುಡುಗನು ಇಲ್ಲವಾದನು. ರಾಣಿಯೇ ಕೊಲ್ಲಿಸಿದಳೆಂದು ಕೆಲವರು ಬರೆದಿದ್ದಾರೆ. ಅದು ಆಕೆಯ ಶತ್ರುಗಳು ಕಟ್ಟಿದ ಅಪವಾದವೆನ್ನುವವರೂ ಇದ್ದಾರೆ. 1763ರಲ್ಲಿ ಹೈದರಾಲಿಯು ಬಿದನೂರಿನ ಮೇಲೆ ಬಂದಾಗ, ನಾನೇ ಆ ಚೆನ್ನಬಸಪ್ಪ, ಸತ್ತಿಲ್ಲ, ಬದುಕಿದ್ದೇನೆ ಎನ್ನುವ ಒಬ್ಬ ಯುವಕನು ಅವನ ಪ್ರಯಾಣದಲ್ಲಿ ಜೊತೆಗಿದ್ದನು. ಊರು ಬಿತ್ತು, ಅದಕ್ಕೆ ಹೈದರನಗರವೆಂದು ಹೆಸರಾಯಿತು. ಆ ಯುವಕನಿಗೆ ಪಟ್ಟವೇನೂ ಸಿಕ್ಕಲಿಲ್ಲ.

‘ಶಿವತತ್ತ್ವರತ್ನಾಕರ’ ಉಳಿದು ಬಂದಿದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ಅದನ್ನು ಸಂಪುಟಗಳಲ್ಲಿ ಅಚ್ಚುಹಾಕಿಸಿದೆ. ಸಂಗೀತದ ಚರಿತ್ರೆ ಬರೆಯುವವರು ವೀಣೆಗಾಗಿ, ಊಟದ ಚರಿತ್ರೆ ಬರೆಯುವವರು ಅಡುಗೆಮನೆಗಾಗಿ, ಕೆಳದಿಯ ಚರಿತ್ರೆ ಬರೆಯುವವರು ವಂಶಾವಳಿಗಾಗಿ ಅದನ್ನು ತೆರೆಯುತ್ತಾರೆ. ತಂದೆಯ ಎದುರಿಗೆ ಕುಳಿತು ಕೇಳುತ್ತಲೇ ಇರುವ ಆ ಹುಡುಗನನ್ನು, ನಿಮ್ಮ ಕೈಗೆ ಆ ಗ್ರಂಥ ಎಂದಾದರೂ ಬಂದರೆ, ಒಂದು ಗಳಿಗೆ ನೋಡಿ.